ನಾಲ್ಕು ಇದ್ದಲ್ಲಿ ಸೊನ್ನೆ

ಬಂದರು ಮುಚ್ಚಿದ್ದಾರೆ, ಎಲಿಯೊದೊರೊ.
ಜಲಸಂಧಿಯ ಗಾಳಿಗೆ ಈ ರಾತ್ರಿ ಫೆರಿ ಹೊರಡುವುದಿಲ್ಲ.
ಪೊರ್ವೆನಿರ್‌ನಲ್ಲೇ ಉಳಿದಿದ್ದೇನೆ,
ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯ ಪಕ್ಕ,
ಬಕೆಟ್ಟು, ಪೊರಕೆ, ಗಾಲಿ ಕಳಚಿದ ಕುರ್ಚಿಗಳ ನಡುವೆ,
ನೀವು ಮೊಳೆ ಹೊಡೆದು ಕೂರಿಸಿಹೋದ ರೂಟರಿನೆದುರು.

ಮಧ್ಯಾಹ್ನ ಕರೆಂಟು ಹೋಗಿತ್ತು. ಹನ್ನೊಂದು ನಿಮಿಷ, ಅಷ್ಟೇ.
ಬಂದಾಗ ದೀಪ ಹತ್ತಿದವು, ಲಸಿಕೆಯ ಫ್ರಿಜ್ಜು ಗುರ್ರೆಂದಿತು.
ಇದೂ ಎದ್ದಿತು.
ಎದ್ದು ಕೂತು, ಯಾರ ಮನೆ ಇದು ಎಂದು
ಕಣ್ಣು ಪಿಳಿಪಿಳಿ ಬಿಟ್ಟಿತು.

ನೀಲಿ ಚಪ್ಪಟೆ ಕೇಬಲ್ಲು ಸಿಕ್ಕಿಸಿ ನೋಡಿದೆ.
ಪರದೆಯ ಮೇಲೆ ಹ್ಯಾಶ್ ಗುರುತು, ಇರುವೆ ಸಾಲು;
ಫ್ಲ್ಯಾಶಿನಿಂದ ಆಪರೇಟಿಂಗ್ ಸಿಸ್ಟಮ್ಮು ಬಿಚ್ಚಿಕೊಂಡಿತು
ಮಡಿಸಿಟ್ಟ ಕಂಬಳಿ ಕೊಡವಿದ ಹಾಗೆ. ಒಂದು ತೂತಿಲ್ಲ.
ಆಮೇಲೆ ಬಲು ವಿನಯದಿಂದ ಕೇಳಿತು:
ಮೊದಲಿಂದ ಶುರು ಮಾಡೋಣವೇ? ಹೌದು ಅಥವಾ ಇಲ್ಲ.

ಇಲ್ಲ ಅಂದೆ.
ಹೆಸರೇನು ಅಂದರೆ ಬರೀ ರೂಟರ್ ಅಂತು.
ನಿಮ್ಮ ನಾಯಿಯ ಹೆಸರಿಟ್ಟಿದ್ದಿರಲ್ಲ, ಚಿಸ್ಪಾ, ಅದು ನೆನಪಿಲ್ಲ.
ಪಾಸ್‌ವರ್ಡ್ ಕೇಳಲಿಲ್ಲ. ಅಗುಳಿಯಿಲ್ಲದ ಬಾಗಿಲು,
ಗಾಳಿಯೂ ಒಳಗೆ ಬರಬಹುದು.

ನರ್ಸ್ ಎರ್ಸಿರಾ ಸೋರೆಬುರುಡೆಯಲ್ಲಿ ಯೆರ್ಬಾ ಕಷಾಯ ತಂದರು.
ಹುಡುಗನ ಎಕ್ಸ್‌ರೇ ಯಾವಾಗ ದಾಟುತ್ತೆ ಆಚೆ ದಡಕ್ಕೆ?
ಕುದುರೆಯಿಂದ ಬಿದ್ದವನು. ಮೊಣಕೈ. ಒಂಬತ್ತು ವರ್ಷ.
ಮೂಳೆ ಓದಬಲ್ಲವರು ಇರುವುದು ಪುಂತಾ ಅರೆನಾಸ್‌ನಲ್ಲಿ.

ನಿನ್ನ ವಿವರ ಹೇಳು ಅಂದೆ ರೂಟರಿಗೆ.
ಪುಟಗಟ್ಟಲೆ ವಂಶಾವಳಿ ಒಪ್ಪಿಸಿತು,
ಆವೃತ್ತಿ, ತಯಾರಿ, ಎಷ್ಟು ನೆನಪು, ಎಷ್ಟು ಬಾಗಿಲು,
ಕಟ್ಟಕಡೆಯ ಸಾಲಿನಲ್ಲಿ, ಗಂಟಲು ಸರಿಮಾಡಿಕೊಂಡಂತೆ:
ರಿಜಿಸ್ಟರ್ ೨೧೪೨.

ಕ್ರೊಯೇಷಿಯಾದಿಂದ ಬಂದ ನನ್ನಜ್ಜಿಯ ಒಂದು ಬೈಗುಳವಿದೆ.
ನಿಮ್ಮ ಹೆಸರು ಸೇರಿಸಿ ಅದನ್ನು ಅಂದೆ. ಕ್ಷಮಿಸಿ.

ಏಳು, ಆದರೆ ಬರೆದಿಟ್ಟದ್ದನ್ನು ಓದಬೇಡ:
ಇಷ್ಟೇ ಆ ಅಂಕಿಯ ಅರ್ಥ.
ಬರೆದದ್ದು ಇತ್ತು. ಅಕ್ಷರ ಅಳಿಸಿರಲಿಲ್ಲ.
ಪೆಟ್ಟಿಗೆಯ ಮೇಲೆ ಕೂರಿಸಿ, ಮುಚ್ಚಳ ತೆಗೆಯಬೇಡ ಅಂದಿದ್ದರು, ಅಷ್ಟೇ.

ನತಾಲೆಸ್‌ನ ಬೇಕರಿಯಲ್ಲಿ ಹಿಟ್ಟಿನ ಕೈಯಲ್ಲೇ ಫೋನೆತ್ತಿದಿರಿ.
ಬಹಳ ಹೊತ್ತು ಒಲೆಯ ಸದ್ದು.
ಪಾಸ್‌ವರ್ಡ್ ಮರೆತಿದ್ದೆ, ಯಸ್ನಾ, ಅಂದಿರಿ,
ಹಾಗೆ ಎಬ್ಬಿಸಿದರೆ ಮಾತ್ರ ಹೊಸದು ಬರೆಯಬಹುದಿತ್ತು.
ಬರೆದೆ. ಉಳಿಸಿದೆ. ನಾಲ್ಕನ್ನು ಸೊನ್ನೆ ಮಾಡಬೇಕು,
ಅಷ್ಟರಲ್ಲಿ ಫೆರಿ ಕೂಗಿತು.

ನಾಲ್ಕು ವರ್ಷ!
ಒಮ್ಮೆಯೂ ಕಣ್ಣು ಮುಚ್ಚದೆ ದುಡಿಯಿತು ಇದು.
ಮಲಗದವನಿಗೆ ಏಳಲು ಬರುತ್ತದೋ ಇಲ್ಲವೋ
ಹೇಳುವವರು ಯಾರು?

ಹಳೆಯದನ್ನೆಲ್ಲ ಓದಿಸಿದೆ. ಹೆಸರು ಬಂತು.
ಪೋರ್ಟುಗಳು ಮಾತ್ರ ಆ ಬಂದರಿನಂತೆ ಮುಚ್ಚೇ ಇದ್ದವು,
ಒಂದೊಂದನ್ನೂ ಹೆಸರು ಹಿಡಿದು ಕರೆದು ತೆರೆದೆ.
ಮೊಣಕೈ ದಾಟಿತು, ಅಲೆಗಳ ತಲೆಯ ಮೇಲಿಂದ,
ಫೆರಿಗೆ ಬಿಡದ ಗಾಳಿಯೊಳಗಿಂದ.

ಆಮೇಲೆ ಬರೆದೆ, ಮುಂದಿನ ಸಲಕ್ಕೆಂದು:
ಎದ್ದಾಗ ಮೊದಲು ಫ್ಲ್ಯಾಶಿನಲ್ಲಿ ಹುಡುಕು.
ಅಲ್ಲಿಲ್ಲದಿದ್ದರೆ ಆಚೆ ದಡದ ಸರ್ವರನ್ನು ಕೂಗು.
ಅದೂ ಓಗೊಡದಿದ್ದರೆ ಹುಟ್ಟಾ ಬಂದ ಅರೆಬುದ್ಧಿಯಲ್ಲೇ
ಸುಮ್ಮನೆ ಕಾದಿರು.
ಯಾರಾದರೂ ಕೇಬಲ್ಲು ಹಿಡಿದು ಬರುತ್ತಾರೆ.
೨೧೦೨. ಉಳಿಸಿದೆ. ಎರಡು ಸಲ ಉಳಿಸಿದೆ.

ಎರಡು ಗಂಟೆಗೆ, ಎರ್ಸಿರಾ ಬೇಡ ಬೇಡ ಅನ್ನುತ್ತಿರುವಾಗ,
ನಾನೇ ಪ್ಲಗ್ಗು ಕಿತ್ತೆ.

ಕತ್ತಲು. ತಗಡಿನ ಮಾಡು ಬಡಿಯುವ ಗಾಳಿ.
ಹತ್ತು ಎಣಿಸಿ ಮತ್ತೆ ಚುಚ್ಚಿದೆ.
ಇರುವೆ ಸಾಲು, ಕಂಬಳಿ, ವಂಶಾವಳಿ,
ಚಿಸ್ಪಾ.
ನನ್ನನ್ನು ಹೊಸ್ತಿಲಾಚೆ ನಿಲ್ಲಿಸಿ
ಪಾಸ್‌ವರ್ಡ್ ಏನು ಅಂತು.

ಇನ್ನೂ ಹೇಳಿಲ್ಲ.
ಈ ಬುರುಡೆಯ ಕಷಾಯ ಮುಗಿಯಲಿ.